ಒಂದೇ ಒಂದು ಓಟು ಕಮ್ಮಿ

ಪ್ರಶ್ನೆ: ಅಮೆರಿಕದಲ್ಲಿ ವಾಗ್ದಂಡನೆ ಎಂದು ಅಷ್ಟೆಲ್ಲ ಗಲಾಟೆ ಆಗುತ್ತದೆ, ಕೊನೆಗೆ ಅಧ್ಯಕ್ಷರು ಕುರ್ಚಿಯಲ್ಲೇ ಇರುತ್ತಾರೆ. ಸೆನೆಟರ್‌ಗಳು ತಪ್ಪು ನೋಡಿ ಓಟು ಹಾಕುತ್ತಾರಾ, ಪಕ್ಷ ನೋಡಿಯಾ?
– ಓದುಗರೊಬ್ಬರು, ಸಾಗರ

ಉತ್ತರ: ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತಿದ್ದ ದಿನಗಳಲ್ಲಿ ನಾನು ಬೋರ್ಡಿನ ಮೇಲೆ 35–19 ಎಂದು ಬರೆದು, ‘ಪಾಸೋ, ಫೇಲೋ?’ ಎಂದು ಕೇಳುತ್ತಿದ್ದೆ. ‘ಪಾಸ್ ಸರ್’ ಎಂದು ಇಡೀ ಕ್ಲಾಸು ಕೂಗುತ್ತಿತ್ತು. ಅಲ್ಲ, ಫೇಲ್. 1868ರ ಮೇ 16ರಂದು ಅಧ್ಯಕ್ಷ ಆಂಡ್ರೂ ಜಾನ್ಸನ್ ಉಳಿದುಕೊಂಡ ಲೆಕ್ಕ ಅದು: 35 ಜನ ‘ತಪ್ಪಿತಸ್ಥ’ ಎಂದರು, 19 ಜನ ‘ಅಲ್ಲ’ ಎಂದರು. ಆಗ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 54 ಜನ. ಅಧ್ಯಕ್ಷರನ್ನು ಇಳಿಸಲು ಮೂರರಲ್ಲಿ ಎರಡು ಪಾಲು, ಅಂದರೆ 36 ಬೇಕಿತ್ತು.

ಜಾನ್ಸನ್ ಯುದ್ಧ ಕಾರ್ಯದರ್ಶಿ ಸ್ಟಾಂಟನ್‌ರನ್ನು ಸೆನೆಟ್‌ನ ಒಪ್ಪಿಗೆ ಇಲ್ಲದೆ ತೆಗೆದಿದ್ದರು. ಅದು 1867ರ ಕಾಯ್ದೆಗೆ ವಿರುದ್ಧ ಎಂಬುದು ಮುಖ್ಯ ಆರೋಪ. ಆದರೆ ಸ್ಟಾಂಟನ್‌ರನ್ನು ನೇಮಿಸಿದ್ದು ಜಾನ್ಸನ್ ಅಲ್ಲ, ಹಿಂದಿನ ಅಧ್ಯಕ್ಷ ಲಿಂಕನ್, ಹಾಗಾಗಿ ಈ ಕಾಯ್ದೆ ಸ್ಟಾಂಟನ್‌ಗೆ ಅನ್ವಯಿಸುತ್ತದಾ ಎಂಬ ಅನುಮಾನ ಕೆಲವರಿಗಿತ್ತು. ಇನ್ನೊಂದು ಚಿಂತೆ, ಇವರು ಇಳಿದರೆ ಏರುವವರು ಯಾರು? ಉಪಾಧ್ಯಕ್ಷರೇ ಇರಲಿಲ್ಲ. ಕುರ್ಚಿ ಸೆನೆಟ್‌ನ ಹಂಗಾಮಿ ಅಧ್ಯಕ್ಷ ಬೆನ್ ವೇಡ್ ಪಾಲಾಗುತ್ತಿತ್ತು. ಅವರ ತೀವ್ರ ನಿಲುವು ಸ್ವಂತ ರಿಪಬ್ಲಿಕನ್ ಪಕ್ಷದಲ್ಲೇ ಹಲವರಿಗೆ ಹಿಡಿಸುತ್ತಿರಲಿಲ್ಲ. ಅಂಥ ವೇಡ್ ಅವರೇ ‘ತಪ್ಪಿತಸ್ಥ’ ಎಂದು ಓಟು ಹಾಕಿದರು! ಅದು ಸರಿಯಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ನನ್ನ ಮನಸ್ಸಿನಲ್ಲಿ ನಿಂತವರು ಅಯೋವಾ ರಾಜ್ಯದ ರಿಪಬ್ಲಿಕನ್ ಸೆನೆಟರ್ ಜೇಮ್ಸ್ ಗ್ರೈಮ್ಸ್. ಕೆಲವೇ ದಿನಗಳ ಹಿಂದೆ ಲಕ್ವ ಹೊಡೆದಿತ್ತು. ನಾಲ್ಕು ಜನ ಎತ್ತಿಕೊಂಡೇ ಸಭೆಗೆ ತಂದರು. ಕೂತೇ ಹೇಳಿ ಎಂದು ವಿಚಾರಣೆ ನಡೆಸುತ್ತಿದ್ದ ಮುಖ್ಯ ನ್ಯಾಯಮೂರ್ತಿ ಚೇಸ್ ಹೇಳಿದರೂ ಕೇಳದೆ, ಪಕ್ಕದವರನ್ನು ಹಿಡಿದು ಎದ್ದು ನಿಂತು ‘ತಪ್ಪಿತಸ್ಥನಲ್ಲ’ ಎಂದರು. ಜಾನ್ಸನ್ ಅವರಿಗೂ ಬೇಡವಾದ ಅಧ್ಯಕ್ಷರೇ. ಆದರೆ ಬೇಡವಾದವರನ್ನು ಕಳಿಸಲು ಸಂವಿಧಾನದ ನಡೆಯನ್ನೇ ಕೆಡಿಸಲು ಒಪ್ಪುವುದಿಲ್ಲ ಎಂಬುದು ಅವರ ನಿಲುವು. ಹೀಗೆ ಪಕ್ಷದ ಮಾತು ಮೀರಿದ ರಿಪಬ್ಲಿಕನ್ನರು ಏಳು ಜನ.

ಅಂದರೆ ‘ತಪ್ಪು ಮಾಡಿದರಾ?’ ಎಂಬುದು ಒಂದು ಪ್ರಶ್ನೆ, ‘ಅಷ್ಟಕ್ಕೆ ತೆಗೆದುಹಾಕಬೇಕಾ?’ ಎಂಬುದು ಬೇರೆಯೇ ಪ್ರಶ್ನೆ. 1999ರಲ್ಲಿ, ಪ್ರಮಾಣ ಮಾಡಿ ಸುಳ್ಳು ಹೇಳಿದ ಆರೋಪ ಹೊತ್ತ ಅಧ್ಯಕ್ಷ ಕ್ಲಿಂಟನ್ ಉಳಿದದ್ದು ಈ ಎರಡನೆಯದರಲ್ಲಿ. ಅವರು ಮಾಡಿದ್ದು ತಪ್ಪೇ, ಆದರೆ ಇಳಿಸುವಷ್ಟಲ್ಲ ಎಂದವರು ಬಹಳ ಜನ. 2021ರಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕ ಮೆಕಾನಲ್ ಅವರು ಸಂಸತ್ ಭವನದ ಮೇಲಿನ ದಾಳಿಗೆ ಟ್ರಂಪ್‌ರೇ ಹೊಣೆ ಎಂದು ಭಾಷಣ ಮಾಡಿದರು. ಆದರೆ ಅಧಿಕಾರ ಬಿಟ್ಟುಹೋದವರನ್ನು ಶಿಕ್ಷಿಸಲು ಸೆನೆಟ್‌ಗೆ ಅಧಿಕಾರ ಇಲ್ಲ ಎಂದು ‘ತಪ್ಪಿತಸ್ಥರಲ್ಲ’ ಎಂದೇ ಓಟು ಹಾಕಿದರು. ಈ ವಾದ ನನಗೆ ಒಪ್ಪಿಗೆಯಾಗಲಿಲ್ಲ.

ಪಕ್ಷದ ಭಾರ ಜಾಸ್ತಿ, ನಿಜ. ಆದರೆ ಯಾರೂ ಇಳಿಯುವುದಿಲ್ಲ ಎನ್ನಬೇಡಿ. 1974ರ ಆಗಸ್ಟ್ 7ರಂದು ಸೆನೆಟರ್ ಗೋಲ್ಡ್‌ವಾಟರ್ ಸೇರಿ ಸ್ವಂತ ಪಕ್ಷದ ಮೂವರು ಹಿರಿಯರು ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿದ್ದ ಅಧ್ಯಕ್ಷ ನಿಕ್ಸನ್ ಬಳಿ ಹೋದರು. ಸೆನೆಟ್‌ನಲ್ಲಿ ನಿಮ್ಮ ಪರ ಹೆಚ್ಚೆಂದರೆ ಹದಿನೈದು ಓಟು ಎಂದರು. ಉಳಿಯಲು ನೂರರಲ್ಲಿ ಬೇಕಿದ್ದದ್ದು 34. ಮರುದಿನ ರಾತ್ರಿ ನಿಕ್ಸನ್ ರಾಜೀನಾಮೆ ಘೋಷಿಸಿದರು. ಓಟಿನವರೆಗೆ ಹೋಗಲೇ ಇಲ್ಲ.

2020ರಲ್ಲಿ, ಟ್ರಂಪ್ ಅವರ ಮೊದಲ ವಾಗ್ದಂಡನೆಯಲ್ಲಿ, ರಿಪಬ್ಲಿಕನ್ ಸೆನೆಟರ್ ಮಿಟ್ ರಾಮ್ನಿ ಅವರಿಗೂ ಲೆಕ್ಕ ಗೊತ್ತಿತ್ತು. 67 ಬೇಕು, ಅಷ್ಟು ಇಲ್ಲ. ತನ್ನ ಒಂದು ಓಟಿನಿಂದ ಟ್ರಂಪ್ ಇಳಿಯುವುದಿಲ್ಲ. ದೇವರ ಮುಂದೆ ಪ್ರಮಾಣ ಮಾಡಿದ್ದೇನೆ ಎನ್ನುವಾಗ ಅವರ ಗಂಟಲು ಕಟ್ಟಿತು. ಆಮೇಲೆ ಸ್ವಂತ ಪಕ್ಷದ ಅಧ್ಯಕ್ಷರನ್ನು ‘ತಪ್ಪಿತಸ್ಥ’ ಎಂದ ಮೊದಲ ಸೆನೆಟರ್ ಆದರು.