ಸಣ್ಣ ಹಡಗಿಗೆ ಅಷ್ಟು ದುಡ್ಡು ಕೊಡಬಹುದಾ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ರಿಟೈರ್ ಆಗಿದ್ದೇವೆ. ಹಿಂದೆ ಒಂದು ಸಲ ದೊಡ್ಡ ಕ್ರೂಸ್ ಹಡಗಿನಲ್ಲಿ ಹೋಗಿದ್ದೆವು, ಊಟಕ್ಕೂ ಕ್ಯೂ, ಲಿಫ್ಟಿಗೂ ಕ್ಯೂ. ಈಗ ಮದುವೆಯಾಗಿ 40 ವರ್ಷ ಆಯ್ತು ಅಂತ ಮಗಳು ಗ್ರೀಸ್ ಕಡೆ ಹೋಗುವ ಸಣ್ಣ ಐಷಾರಾಮಿ ಹಡಗಿನಲ್ಲಿ ಒಂದು ವಾರ ಕಳಿಸುತ್ತೇನೆ ಅನ್ನುತ್ತಿದ್ದಾಳೆ. ಖರ್ಚು ದುಪ್ಪಟ್ಟಿಗಿಂತ ಜಾಸ್ತಿ. ನಾವು ಸಸ್ಯಾಹಾರಿಗಳು, ಹೆಂಡತಿಗೆ ಮಂಡಿನೋವು. ಹೋಗಬಹುದಾ?
- ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಹೋಗಿ. ಆದರೆ ಹಡಗಿನ ಫೋಟೋ ನೋಡಿ ಬುಕ್ ಮಾಡಬೇಡಿ, ಅದು ನಿಲ್ಲುವ ಊರುಗಳನ್ನು ನೋಡಿ ಮಾಡಿ. ಬರೀ ಸ್ಯಾಂಟೊರಿನಿ, ಮಿಕೊನೊಸ್ ಇದ್ದರೆ ಅಲ್ಲಿಗೆ ದೊಡ್ಡ ಹಡಗುಗಳೂ ಹೋಗುತ್ತವೆ, ಸುಮ್ನೆ ಜಾಸ್ತಿ ಯಾಕೆ ಕೊಡಬೇಕು? ಹೈಡ್ರಾ, ಮೊನೆಂವಾಸಿಯಾದಂಥ ಪುಟ್ಟ ಊರುಗಳಿರಬೇಕು. ಹೈಡ್ರಾದಲ್ಲಿ ಕಾರು, ಬೈಕು ಓಡಾಡುವುದಿಲ್ಲ, ಸಾಮಾನು ಹೊರುವುದು ಕತ್ತೆ, ಹೇಸರಗತ್ತೆಗಳು.

ಗ್ರೀಸಿನಲ್ಲಿ ಬಂಡೆ ಕಡಿದು ಮಾಡಿದ ಕೊರಿಂತ್ ಕಾಲುವೆ ದಾರಿಯಲ್ಲಿ ಸಿಕ್ಕಿದರಂತೂ ಬಿಡಬೇಡಿ. 1893ರಲ್ಲಿ ತೆರೆದದ್ದು, ಉದ್ದ 6 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ತಳದಲ್ಲಿ ಅಗಲ ಬರೀ 21 ಮೀಟರ್, ದೊಡ್ಡ ಕ್ರೂಸ್ ಹಡಗು ತೂರುವುದಿಲ್ಲ. ನಾನು ಹೋದಾಗ ಡೆಕ್ಕಿನ ಅಂಚಿನಲ್ಲಿ ನಿಂತಿದ್ದೆ. ಎರಡೂ ಕಡೆ ಹಳದಿ ಬಂಡೆ ಗೋಡೆಯ ಹಾಗೆ ಎದ್ದಿತ್ತು, ಬಿರುಕಿನಲ್ಲಿ ಬೆಳೆದ ಗಿಡದ ಎಲೆ ಎಣಿಸುವಷ್ಟು ಹತ್ತಿರ, ಮೇಲೆ ಒಂದು ಪಟ್ಟಿಯಷ್ಟೇ ಆಕಾಶ, ಯಾರೂ ಮಾತಾಡುತ್ತಿರಲಿಲ್ಲ. ಬಂಡೆ ಕುಸಿದು 2021ರಿಂದ ಈಚೆಗೆ ಆ ಕಾಲುವೆಯನ್ನು ಹಲವು ತಿಂಗಳು ಮುಚ್ಚಿದ್ದೂ ಉಂಟು, ಹಾಗಾಗಿ ನೀವು ಹೋಗುವ ತಿಂಗಳು ತೆರೆದಿರುತ್ತದಾ ಅಂತ ಮೊದಲೇ ಕೇಳಿ.

ಕ್ಯೂ ಚಿಂತೆ ಬಿಡಿ. ಉದಾಹರಣೆಗೆ ಸೀಡ್ರೀಮ್ ಅನ್ನುವ ಸಣ್ಣ ಐಷಾರಾಮಿ ಹಡಗಿನಲ್ಲಿ ಪ್ರಯಾಣಿಕರು 112 ಜನ, ಸಿಬ್ಬಂದಿ ಸುಮಾರು 95. ಎರಡು ದಿನ ಕಳೆಯುವಷ್ಟರಲ್ಲಿ ನಿಮ್ಮ ಕಾಫಿಗೆ ಸಕ್ಕರೆ ಎಷ್ಟು ಅಂತ ಅವರಿಗೇ ಗೊತ್ತಿರುತ್ತದೆ. ಊಟದ ವಿಷಯ ಬುಕ್ ಮಾಡುವಾಗಲೇ ಬರೆದು ಕೊಡಿ. ಬರೀ ಸಸ್ಯಾಹಾರಿ ಅಂದರೆ ಸಾಲದು, ಮೀನು, ಮೊಟ್ಟೆ, ಮಾಂಸ ಬೇಯಿಸಿದ ನೀರು (ಸ್ಟಾಕ್) ಯಾವುದೂ ಬೇಡ ಅಂತ ಬಿಡಿಸಿ ಹೇಳಿ.

ನಿಜವಾಗಿ ಯೋಚಿಸಬೇಕಾದ್ದು ಮಂಡಿನೋವು. ವಿಂಡ್ ಸ್ಟಾರ್ ಅಂತ 148 ಜನರ ಹಾಯಿ ಹಡಗಿದೆ, ತುಂಬಾ ಚೆಂದ, ಆದರೆ ಲಿಫ್ಟ್ ಇಲ್ಲ. ಇನ್ನು ಪುಟ್ಟ ಊರುಗಳಲ್ಲಿ ಹಡಗು ಎಷ್ಟೋ ಸಲ ನೀರಿನಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಸಿಬ್ಬಂದಿ ಮೊಣಕೈ ಹತ್ತಿರ ಗಟ್ಟಿಯಾಗಿ ಹಿಡಿದು ಇಳಿಸುತ್ತಾರೆ. ಆದರೂ ದೋಣಿ ಮೇಲೆ ಕೆಳಗೆ ಆಡುತ್ತಿರುವಾಗ ಆ ಒಂದು ಹೆಜ್ಜೆ ನಿಮ್ಮ ಮನೆಯವರೇ ಇಡಬೇಕಲ್ವಾ? ಎಷ್ಟು ಊರಿನಲ್ಲಿ ಹೀಗೆ ಇಳಿಯಬೇಕು ಅಂತ ಕೇಳಿ ತಿಳಿದುಕೊಳ್ಳಿ.

ಜುಲೈ, ಆಗಸ್ಟ್ ಬೇಡ. ಆಗ ಏಜಿಯನ್ ಸಮುದ್ರದಲ್ಲಿ ಮೆಲ್ಟೆಮಿ ಅನ್ನುವ ಬಡಗಣ ಗಾಳಿ ಜೋರು, ಸಣ್ಣ ಹಡಗು ಜಾಸ್ತಿ ಓಲಾಡುತ್ತದೆ. ಮೇ ತಿಂಗಳು ಒಳ್ಳೆಯದು. ರೂಮು ಹಡಗಿನ ಮಧ್ಯದಲ್ಲಿ, ಕೆಳಗಿನ ಡೆಕ್ಕಿನಲ್ಲಿ ತೆಗೆದುಕೊಳ್ಳಿ. ನಡುವೆ ಟರ್ಕಿಯ ಕುಶಾದಾಸಿಯಲ್ಲಿ ನಿಂತು ಮತ್ತೆ ಗ್ರೀಸಿಗೆ ಬರುವ ಹಾಗಿದ್ದರೆ ಒಂದೇ ಪ್ರವೇಶದ ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಟರ್ಕಿ ಅದರಲ್ಲಿಲ್ಲ) ಸಾಲದು, ಹಲವು ಪ್ರವೇಶದ್ದೇ ಬೇಕು. ಅರ್ಜಿ ಹಾಕುವಾಗಲೇ ಅದನ್ನು ನಮೂದಿಸಿ.