ರಜೆಗೆ ಅಜ್ಜಿಮನೆಗೆ ಕಳಿಸಲೋ, ಕ್ಯಾಂಪಿಗೆ ಸೇರಿಸಲೋ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವವಳು. ಏಳು ವರ್ಷದ ಮಗಳು ಒಂದನೇ ಕ್ಲಾಸು ಮುಗಿಸುತ್ತಿದ್ದಾಳೆ. ನಾಲ್ಕು ವರ್ಷದ ಮಗ ಡೇ ಕೇರ್‌ಗೆ ಹೋಗುತ್ತಾನೆ, ಅದಕ್ಕೆ ಬೇಸಿಗೆಯಲ್ಲೂ ರಜೆ ಇಲ್ಲ. ಅತ್ತೆ ಮಾವ ಸಾಗರದ ಹತ್ತಿರ ಹಳ್ಳಿಯಲ್ಲಿದ್ದಾರೆ, ಅಡಿಕೆ ತೋಟ ಇದೆ. ಪ್ರತಿ ಸಲ ರಜೆಗೆ ಮಕ್ಕಳನ್ನು ಕಳಿಸು ಅಂತಾರೆ. ಹೋದ ವರ್ಷ ಹೂಂ ಅಂದು ಕೊನೇ ಗಳಿಗೆಯಲ್ಲಿ ಕಳಿಸಲಿಲ್ಲ, ಅತ್ತೆ ಬೇಜಾರಾಗಿ ತುಂಬಾ ದಿನ ಸರಿಯಾಗಿ ಮಾತಾಡಲಿಲ್ಲ. ನನಗೆ ಭಯ. ಮನೆ ಹಿಂದೆ ಬಾವಿ, ತೋಟದ ಕೆಳಗೆ ಕೆರೆ, ಹಾವು ಬೇರೆ. ಅತ್ತೆ ಮಕ್ಕಳಿಗೆ ಟೀ ಕೊಡುತ್ತಾರೆ, ಹೊತ್ತಿಲ್ಲದ ಹೊತ್ತಲ್ಲಿ ತಿನ್ನಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಸಮ್ಮರ್ ಕ್ಯಾಂಪಿಗೆ ಸೇರುತ್ತಿದ್ದಾರೆ, ಇವಳೊಬ್ಬಳು ಹಿಂದೆ ಬೀಳ್ತಾಳೇನೋ ಅನಿಸುತ್ತದೆ. ನಮ್ಮ ಯಜಮಾನರು "ಕಳಿಸು, ನಾವೆಲ್ಲ ಅಲ್ಲೇ ಬೆಳೆದವರು ತಾನೇ" ಅಂದು ಸುಮ್ಮನಾಗುತ್ತಾರೆ. ಮೇ ತಿಂಗಳಲ್ಲಿ ನಾಲ್ಕು ದಿನ ಊಟಿಗೆ ಹೋಗೋಣ ಅನ್ನೋದು ಅವರ ಆಸೆ.

ಇನ್ನೊಂದು ವಿಷಯ. ಶಾಲೆಯಲ್ಲಿ ಮನೆಯ ಮಾಡೆಲ್ ಮಾಡಿಕೊಂಡು ಬನ್ನಿ ಅಂದಿದ್ದರು. ಮಗಳು ರಟ್ಟಿನಲ್ಲಿ ಮಾಡಿದ್ದು ಸೊಟ್ಟಗಿತ್ತು. ರಾತ್ರಿ ಅವಳು ಮಲಗಿದ ಮೇಲೆ ಅದನ್ನು ಬಿಚ್ಚಿ, ಥರ್ಮೊಕೋಲಿನಲ್ಲಿ ಹೊಸದಾಗಿ ಮಾಡಿಟ್ಟೆ. ಬೆಳಿಗ್ಗೆ ನೋಡಿದವಳು ಏನೂ ಹೇಳಲಿಲ್ಲ. ಈಗ ರಜೆಗೆ ಮತ್ತೊಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. "ಅಮ್ಮಾ, ನೀನೇ ಮಾಡು, ನಂದು ಚೆನ್ನಾಗಿರಲ್ಲ" ಅಂತಾಳೆ. ನಾನು ಕೆಟ್ಟ ತಾಯಿಯಾ?

ಉತ್ತರ: ಮಗಳನ್ನು ಕಳಿಸಿ, ಮೂರು ವಾರ. ಮಗನನ್ನು ಈ ವರ್ಷ ಅಲ್ಲಿ ಬಿಟ್ಟು ಬರಬೇಡಿ. ಕಳಿಸುವ ಮುಂಚೆ ಆಗಬೇಕಾದ ಕೆಲಸ ಕೆಲವಿವೆ, ಅದರಲ್ಲಿ ಹೆಚ್ಚಿನವು ನಿಮ್ಮ ಯಜಮಾನರು ಮಾಡಬೇಕಾದವು. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಕೆಟ್ಟ ತಾಯಿ ಅಲ್ಲ. ಆಫೀಸು, ಅಡುಗೆ, ಎರಡು ಮಕ್ಕಳು ಎಲ್ಲ ಮುಗಿಸಿ ನಡುರಾತ್ರಿ ಥರ್ಮೊಕೋಲ್ ಕತ್ತರಿಸುತ್ತಾ ಕೂತವರಿಗೆ ಮಗಳ ಮೇಲೆ ಪ್ರೀತಿ ಕಡಿಮೆ ಅಂತ ಯಾರು ಹೇಳ್ತಾರೆ? ಆದರೆ ನೀವು "ಇನ್ನೊಂದು ವಿಷಯ" ಅಂತ ಕೊನೆಗೆ ಬರೆದಿದ್ದೀರಲ್ಲ, ನನಗೆ ಅದೇ ಮೊದಲನೇ ವಿಷಯ ಅನಿಸಿತು. ಮಗಳ ಕೈಗೆ ಬಿಟ್ಟರೆ ಮಾಡೆಲ್ ಸೊಟ್ಟಗಾಗುತ್ತೆ, ಅತ್ತೆ ಕೈಗೆ ಬಿಟ್ಟರೆ ಮಗು ಕೆಡುತ್ತೆ. ಎರಡು ಕಡೆಯೂ ಬೇರೆಯವರ ಕೈಗೆ ಕೊಟ್ಟು ಸುಮ್ಮನಿರೋದು ನಿಮಗೆ ಕಷ್ಟವಾಗುತ್ತಿದೆ. ಕೊಟ್ಟರೂ ವಾಪಸ್ ತಗೋತೀರಿ. ಹೋದ ವರ್ಷ ಅತ್ತೆಗೆ ಹೂಂ ಅಂದು ಆಮೇಲೆ ಆದದ್ದೂ ಅದೇ ಅಲ್ವಾ?

ಮಗಳು ಏನೂ ಹೇಳಲಿಲ್ಲ ಅಂತ ಬರೆದಿದ್ದೀರಿ. ಅತ್ತು ರಂಪ ಮಾಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅಳುವ ಮಗುವಿಗೆ ತನ್ನದು ಚೆನ್ನಾಗಿತ್ತು ಅನ್ನೋ ನಂಬಿಕೆ ಇರುತ್ತದೆ. ಇವಳು ಸುಮ್ಮನೆ ಒಪ್ಪಿಕೊಂಡುಬಿಟ್ಟಳು. ಇವತ್ತು ಸಂಜೆಯೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: "ನೀನು ಮಾಡಿದ ಮನೇನ ನಿನ್ನ ಕೇಳದೆ ಬಿಚ್ಚಿದ್ದು ತಪ್ಪು ಪುಟ್ಟಿ, ಇನ್ನು ಹಾಗೆ ಮಾಡಲ್ಲ." ಅಷ್ಟೇ ಸಾಕು. ಟೀಚರ್ ಏನಂದುಕೊಳ್ತಾರೋ ಅಂತ ಮಾಡಿದೆ, ನಿಂಗೆ ಒಳ್ಳೇದಾಗ್ಲಿ ಅಂತ ಮಾಡಿದೆ ಅಂತೆಲ್ಲ ಸೇರಿಸಬೇಡಿ. ಸೇರಿಸಿದರೆ ಅವಳ ಕಿವಿಗೆ ಬೀಳೋದು ಅದೊಂದೇ.

ಇನ್ನು ಶಾಲೆಯ ಪ್ರಾಜೆಕ್ಟು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿವರೆಗಿನ ಮಕ್ಕಳಿಗೆ ಹೋಮ್‌ವರ್ಕೇ ಬೇಡ ಅನ್ನುತ್ತದೆ. ಶಾಲೆ ಜೊತೆ ಜಗಳಕ್ಕೆ ಹೋಗಿ ಅಂತ ಇದನ್ನು ಹೇಳುತ್ತಿಲ್ಲ. ಇಷ್ಟು ಚಿಕ್ಕ ಮಗುವಿನ ರಟ್ಟಿನ ಕೆಲಸಕ್ಕೆ ನೀವು ರಾತ್ರಿ ನಿದ್ದೆ ಬಿಡಬೇಕಾಗಿಲ್ಲ ಅನ್ನೋದು ನಿಮಗೆ ಗೊತ್ತಿರಲಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಮಾಡೆಲ್ ಕಡೆಗಂತೂ ತಿರುಗಿ ನೋಡಬೇಡಿ. ಅವಳು ಮಾಡಿದ್ದನ್ನು ಹಾಗೇ ಕಳಿಸಿ, ಹಿಂದುಗಡೆ ಒಂದು ಚೀಟಿ ಅಂಟಿಸಿ: "ಇದನ್ನು ಪೂರ್ತಿ ಮಗಳೇ ಮಾಡಿದ್ದಾಳೆ, ನಾವು ಕೈ ಹಾಕಿಲ್ಲ." ಮಕ್ಕಳ ಜೊತೆ ದಿನಾ ಇರುವ ಟೀಚರಿಗೆ ಯಾವುದು ಮಗು ಮಾಡಿದ್ದು, ಯಾವುದು ಅಮ್ಮ ಮಾಡಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ.

ಅವಳು ಮಾಡುವಾಗ ನೀವು ಪೂರ್ತಿ ದೂರ ಇರಿ ಅಂತಲೂ ಅಲ್ಲ. ಅಂಟು ಕಾಯಿಸಿಕೊಡಿ. ಎರಡು ಚಮಚ ಮೈದಾ ಹಿಟ್ಟನ್ನು ಒಂದು ಲೋಟ ನೀರಿಗೆ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದರೆ ಸ್ವಲ್ಪ ಹೊತ್ತಿಗೆ ಗಂಜಿಯ ಹಾಗೆ ದಪ್ಪಗಾಗಿ ಹೊಳೆಯುತ್ತದೆ, ಆರಿಸಿ ಡಬ್ಬಿಗೆ ಹಾಕಿ. ಹಿಂದೆ ಹುಳ ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿಬಿಡಿ. ಅಂಟು ಸವರುವ ಕೆಲಸ ಮಗನಿಗೆ ಕೊಡಿ, ನಾಲ್ಕು ವರ್ಷದವರಿಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಇಲ್ಲ. ಕಟರ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಎಲ್ಲಿ ಕತ್ತರಿಸಬೇಕು ಅಂತ ಅವಳು ಗೆರೆ ಹಾಕಲಿ, ಗೆರೆ ಸೊಟ್ಟಗಿದ್ದರೆ ನೀವೂ ಸೊಟ್ಟಗೇ ಕತ್ತರಿಸಿ. ಬಾಗಿಲು ಗೋಡೆಗಿಂತ ಎತ್ತರ ಬಂತಾ, ಬರಲಿ.

ಈ ರಜೆಯ ಪ್ರಾಜೆಕ್ಟನ್ನಂತೂ ಅವಳು ಅಜ್ಜಿಮನೆಯಲ್ಲೇ ಮಾಡಲಿ ಅಂತ ನನ್ನ ಆಸೆ. ಸಾಗರದ ಕಡೆ ತೋಟದ ಮನೆಯಲ್ಲಿ ಸಾಮಾನಿಗೆ ಬರವಾ? ಉದುರಿದ ಅಡಿಕೆ ಹಾಳೆ ಇದೆ, ತೆಂಗಿನ ಗರಿ ಇದೆ, ಗೆರಟೆ ಇದೆ. ತೆಂಗಿನ ಗರಿಯಲ್ಲಿ ಪೀಪಿ, ವಾಚು, ಗಿರಗಟ್ಟೆ ಮಾಡೋದು ನಿಮ್ಮ ಮಾವನಿಗೆ ಬಂದೇ ಬರುತ್ತದೆ, ಅವರನ್ನು ಯಾರೂ ಕೇಳಿರಲಿಕ್ಕಿಲ್ಲ ಅಷ್ಟೇ. ಆ ಸೀಮೆಯಲ್ಲೇ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಇದೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಅರೆದು ಮಾಡಿದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಅಂಥ ಮನೆ ಗುರುತಿದ್ದರೆ ಕರೆದುಕೊಂಡು ಹೋಗಿ ತೋರಿಸಿ ಅಂತ ಅತ್ತೆಗೆ ಹೇಳಿ. ಒಂದು ರಟ್ಟಿಗೆ ಕೆಮ್ಮಣ್ಣು ಬಳಿದು ತನಗೆ ತೋಚಿದ್ದನ್ನು ಬರೆದರೆ ಪ್ರಾಜೆಕ್ಟು ಮುಗಿಯಿತು.

ಇನ್ನೊಂದು, ಏಪ್ರಿಲ್ ಮೇ ಅಂದರೆ ಅಲ್ಲಿ ಹಲಸಿನಕಾಯಿ ಹಪ್ಪಳದ ಕಾಲ. ಬೇಯಿಸಿದ ತೊಳೆಯನ್ನು ಕುಟ್ಟಿ, ಉಪ್ಪು ಖಾರ ಸೇರಿಸಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಮಣೆಯಲ್ಲಿ ಒತ್ತುತ್ತಾರೆ. ಹಾಳೆಯಿಂದ ಬಿಡಿಸಿ ಚಾಪೆ ಮೇಲೆ ಹಾಕೋದು, ಕಾಗೆ ಓಡಿಸೋದು, ನಡುನಡುವೆ ಹಿಟ್ಟು ಬಾಯಿಗೆ ಹಾಕಿಕೊಳ್ಳೋದು ಮಕ್ಕಳ ಕೆಲಸ. ನಿಮ್ಮ ಮಗಳು ಬಿಡಿಸುವ ಮೊದಲ ಹಪ್ಪಳಗಳು ಹರಿದೇ ಹರಿಯುತ್ತವೆ. ಅಜ್ಜಿ ಅದನ್ನು ತೆಗೆದು ಮತ್ತೆ ಒತ್ತಲ್ಲ. ಹರಿದದ್ದೂ ಒಣಗುತ್ತದೆ, ಮಳೆಗಾಲದಲ್ಲಿ ಎಲ್ಲದರ ಜೊತೆ ಎಣ್ಣೆಗೆ ಬೀಳುತ್ತದೆ, ತಿನ್ನುವಾಗ ಯಾರಿಗೂ ಗೊತ್ತಾಗಲ್ಲ. ನಿಮ್ಮ ಮಗಳಿಗೆ ಈಗ ಬೇಕಾಗಿರೋದು ಇಂಥ ಮನೆಯಲ್ಲಿ ಕೆಲವು ದಿನ. ಕ್ಯಾಂಪಿನಲ್ಲಿ ಒಂದು ವಾರಕ್ಕೆ ಹತ್ತು ವಸ್ತು ಮಾಡಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ, ಅಲ್ಲೂ ಪಕ್ಕದವಳದ್ದು ಚೆನ್ನಾಗಿದೆ, ನಂದು ಚೆನ್ನಾಗಿಲ್ಲ ಅನ್ನೋದೇ ಆದರೆ ಏನು ಬಂತು?

ಈಗ ಭಯದ ವಿಚಾರ. ನಿಮ್ಮ ಭಯ ಸುಳ್ಳಲ್ಲ. ಯಜಮಾನರು "ನಾವೆಲ್ಲ ಅಲ್ಲೇ ಬೆಳೆದವರು" ಅಂದರೆ ಅದು ಉತ್ತರ ಆಗಲ್ಲ. ಅವರು ನಡೆಯಲು ಕಲಿತದ್ದೇ ಆ ಅಂಗಳದಲ್ಲಿ, ಬಾವಿ ಎಲ್ಲಿದೆ ಅಂತ ಕಾಲಿಗೇ ಗೊತ್ತಿತ್ತು. ಇವಳು ಲಿಫ್ಟಿನಲ್ಲಿ ಇಳಿದು ಶಾಲೆ ವ್ಯಾನು ಹತ್ತುವ ಹುಡುಗಿ. ಪ್ರತಿ ಬೇಸಿಗೆಯಲ್ಲೂ ಕೆರೆಗೆ, ಕೃಷಿ ಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಹಾಗಾಗಿ ರಜೆ ಶುರುವಾಗುವ ಮುಂಚೆ ಯಜಮಾನರು ಒಂದು ಶನಿವಾರ ಭಾನುವಾರ ಊರಿಗೆ ಹೋಗಿ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ಬೀಗ ಹಾಕಿ ಬರಲಿ. ಕೆರೆ ಕಡೆ ಇಳಿಯುವ ದಾರಿಗೆ ಒಂದು ಗೇಟು. ದೊಡ್ಡವರಿಲ್ಲದೆ ನೀರಿನ ಹತ್ತಿರ ಹೋಗಬಾರದು ಅನ್ನೋದನ್ನು ಮಗಳಿಗೆ ಅಜ್ಜ ಅಜ್ಜಿ ಎದುರಿಗೇ ಹೇಳಲಿ. ಕತ್ತಲಾದ ಮೇಲೆ ಟಾರ್ಚಿಲ್ಲದೆ ಅಂಗಳಕ್ಕೆ ಇಳಿಯೋದು ಬೇಡ, ಹುಲ್ಲಿನ ರಾಶಿ, ಸೌದೆ ರಾಶಿಗೆ ಕೈ ಹಾಕೋದು ಬೇಡ.

ನೀವು ಬರೆಯದ ಒಂದು ಅಪಾಯವೂ ಇದೆ, ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜೀವಗಳು ಹೋದವು. ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಜ್ವರ, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಈ ವರ್ಷ ಆ ಭಾಗದಲ್ಲಿ ಕೇಸು ಇದೆಯಾ, ಮಗುವಿಗೆ ಏನು ಹಚ್ಚಬಹುದು ಅಂತ ಹೇಳುತ್ತಾರೆ. ಹತ್ತಿರದಲ್ಲಿ ಕೇಸಿದ್ದರೆ ಈ ವರ್ಷದ ಮಟ್ಟಿಗೆ ಅಜ್ಜ ಅಜ್ಜಿಯನ್ನೇ ಬೆಂಗಳೂರಿಗೆ ಕರೆಸಿಕೊಳ್ಳಿ, ಅದರಲ್ಲಿ ಎರಡು ಮಾತು ಬೇಡ. ಇಲ್ಲದಿದ್ದರೂ ದರಗು (ಒಣ ಎಲೆ) ತರಲು ಹೋಗುವವರ ಜೊತೆ ಮಗು ಕಾಡಿಗೆ ಹೋಗೋದು ಬೇಡ, ಸಂಜೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಆಗಲಿ, ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ.

ಈ ಮಾತನ್ನೆಲ್ಲ ಅತ್ತೆ ಹತ್ತಿರ ಆಡಬೇಕಾದವರು ನಿಮ್ಮ ಯಜಮಾನರು. ನೀವು ಹೇಳಿದರೆ "ನಮ್ಮ ಮೇಲೆ ನಂಬಿಕೆ ಇಲ್ಲ" ಅಂತ ಕೇಳಿಸುತ್ತದೆ, ಮಗ ಹೇಳಿದರೆ ಹಾಗೆ ಕೇಳಿಸಲ್ಲ. ಅತ್ತೆ ಮಾವ ಇಬ್ಬರಿಗೂ ಕೈಲಾಗುತ್ತಾ ಅಂತಲೂ ಯಜಮಾನರೇ ಕೇಳಲಿ. ಕರೆಯುತ್ತಾರೆ ಅಂದ ಮಾತ್ರಕ್ಕೆ ಮಂಡಿ ನೋವು ಇಲ್ಲ ಅಂತಲ್ಲ. ನೀವು ಫೋನ್ ಮಾಡಬೇಕಾದ್ದು ಬೇರೆ ಮಾತಿಗೆ: "ಅತ್ತೆ, ಹೋದ ವರ್ಷ ಕಳಿಸ್ತೀನಿ ಅಂದು ಕಳಿಸಲಿಲ್ಲ, ನಿಮಗೆ ಬೇಜಾರಾಗಿತ್ತು ಅಂತ ಗೊತ್ತು. ಈ ಸಲ ಬರ್ತಾಳೆ." ಅಷ್ಟು ಅಂದು ನೋಡಿ.

ಟೀ, ಊಟದ ಹೊತ್ತು, ಬೆಲ್ಲ, ಇವೆಲ್ಲ ಬಿಟ್ಟುಬಿಡಿ. ಅಲರ್ಜಿ ಇದ್ದರೆ ಹೇಳಿ. ಉಳಿದದ್ದು ಮೂರು ವಾರಕ್ಕೆ ಏನೂ ಆಗಲ್ಲ. ಬಾವಿಯ ಜಾಲರಿಗೆ ಪಟ್ಟು ಹಿಡಿಯಬೇಕಾದವರು ಟೀ ಲೋಟಕ್ಕೂ ಪಟ್ಟು ಹಿಡಿದರೆ ಎರಡಕ್ಕೂ ಬೆಲೆ ಇರಲ್ಲ.

ಮಗ ಇನ್ನೂ ಚಿಕ್ಕವನು, ರಾತ್ರಿ ನೀವಿಲ್ಲದೆ ಮಲಗಿ ಅಭ್ಯಾಸ ಇಲ್ಲ ಅಂದುಕೊಳ್ಳುತ್ತೇನೆ. ಬಿಡಲು ಹೋಗುವಾಗ ಎಲ್ಲರೂ ಹೋಗಿ ಮೂರು ನಾಲ್ಕು ದಿನ ಇದ್ದು ಬನ್ನಿ, ಕರೆತರಲು ಹೋಗುವಾಗ ಮತ್ತೆ ಅಷ್ಟೇ. ಅವನಿಗೂ ಅಜ್ಜಿಮನೆ ಆಯಿತು, ನಿಮ್ಮ ರಜೆಯೂ ಉಳಿಯಿತು. ಫೋನು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಮಾಡಿ. ಮಕ್ಕಳಿಗೆ ಅಮ್ಮನ ನೆನಪು ಜಾಸ್ತಿ ಬರೋದು ಕತ್ತಲಾಗುವ ಹೊತ್ತಿಗೆ, ಆಗ ವಿಡಿಯೋ ಕಾಲ್ ಮಾಡಿದರೆ ಇಬ್ಬರೂ ಅಳುತ್ತೀರಿ. ಆ ಕಡೆ ನೆಟ್‌ವರ್ಕ್ ಇರೋದೂ ಅಷ್ಟಕ್ಕಷ್ಟೇ, ಒಂದು ದಿನ ಫೋನ್ ಹೋಗದಿದ್ದರೆ ಗಾಬರಿಯಾಗಬೇಡಿ. ತಡೆಯಲಾಗದಷ್ಟು ಅತ್ತಳು ಅಂತ ಅತ್ತೆಯೇ ಹೇಳಿದರೆ ಹೋಗಿ ಕರೆದುಕೊಂಡು ಬನ್ನಿ, ಯಾರೂ ಸೋತ ಹಾಗಲ್ಲ.

ಊಟಿ ಈ ಸಲ ಬೇಡ. ಮೇ ತಿಂಗಳ ಊಟಿ ಅಂದರೆ ಟ್ರಾಫಿಕ್ಕು, 2024ರಿಂದ ಗಾಡಿಗೆ ಇ-ಪಾಸ್ ಬೇರೆ ಮಾಡಿಸಬೇಕು. ಆ ದುಡ್ಡಿನಲ್ಲಿ ಜಾಲರಿ, ಗೇಟು ಎರಡೂ ಆಗುತ್ತವೆ. ಮಗಳು ವಾಪಸ್ ಬಂದ ಮೇಲೆ ರಜೆ ಉಳಿದಿದ್ದರೆ ಕಬ್ಬನ್ ಪಾರ್ಕಿನ ಬಾಲಭವನದ ಬೇಸಿಗೆ ಶಿಬಿರವನ್ನೂ ವಿಚಾರಿಸಿ, ಬೇಕಾ ಅಂತ ಅವಳನ್ನೇ ಕೇಳಿ ಸೇರಿಸಿ.

ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಸಾಗರದಲ್ಲಿ ನಿಲ್ಲುತ್ತದೆ. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯೋದು, ರಜೆ ಹೊತ್ತಿಗೆ ಬೇಗ ತುಂಬುತ್ತದೆ. ಮಗನಿಗೆ ಐದು ತುಂಬಿಲ್ಲ, ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ಟೂ ಬೇಡ. ಮಗಳಿಗೆ ಬರ್ತ್ ಬೇಕು ಅಂದರೆ ಪೂರ್ತಿ ಚಾರ್ಜು, ಕೊಡಿ, ಚೆನ್ನಾಗಿ ಮಲಗಿಕೊಂಡು ಹೋಗಲಿ. ಹೋಗುವ ಟಿಕೆಟ್ ಇವತ್ತೇ ನೋಡಿ, ಸಿಕ್ಕ ಮೇಲೆ ಅತ್ತೆಗೆ ಫೋನ್ ಮಾಡಿ ತಾರೀಖು ಹೇಳಿ.