ಸೂರು ಕತ್ತರಿಸುವ ಮೊದಲು

ಹೊಸನಗರ ಕಡೆಯ ಓದುಗರೊಬ್ಬರ ಪತ್ರದ ಸಾರ: ‘ಹೋದ ಸಂಚಿಕೆಯಲ್ಲಿ ಅಮೆರಿಕದ ಯಾವುದೋ ವಾಸ್ತುಶಿಲ್ಪ ಸಂಶೋಧನಾ ಸಂಘಕ್ಕೆ ಹೊಸ ನಿರ್ದೇಶಕರು ಆರಿಸಿ ಬಂದ ಸುದ್ದಿ ಹಾಕಿದ್ದೀರಿ. ನಮ್ಮ ಹಾಲಿನ ಸೊಸೈಟಿಗೆ ಯಾರು ಬಂದರು ಅಂತ ಹಾಕಿದ್ದರೂ ಉಪಯೋಗವಿತ್ತು. ಇಲ್ಲಿ ತೊಟ್ಟಿಮನೆ ಕೆಡವಿ ತಾರಸಿ ಹಾಕಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಅದನ್ನು ಬರೆಯಲು ನಿಮಗೆ ಜಾಗ ಇಲ್ವಾ? – ನಿಮ್ಮ ಅಕ್ಕನಂಥವಳು.’

ಅಕ್ಕ,

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಬರೀ ಹೆಸರು ಹಾಕಿ, ಅವರು ಮಾಡುವ ಕೆಲಸವೇನು ಅಂತ ಹೇಳದೆ ಬಿಟ್ಟಿದ್ದು ನಮ್ಮ ತಪ್ಪು.

ಆ ಸಂಘದ ಹೆಸರು ಆರ್ಕಿಟೆಕ್ಚರಲ್ ರಿಸರ್ಚ್ ಸೆಂಟರ್ಸ್ ಕನ್ಸೋರ್ಷಿಯಂ. 1976ರಲ್ಲಿ ಶುರುವಾಯಿತು. ಹೆಚ್ಚಾಗಿ ಕಟ್ಟಡ ವಿದ್ಯೆ ಕಲಿಸುವ ವಿಶ್ವವಿದ್ಯಾಲಯಗಳೇ ಅದರ ಸದಸ್ಯರು. ಸಮ್ಮೇಳನ ನಡೆಸುತ್ತಾರೆ, ಸಂಶೋಧನೆಯ ಪತ್ರಿಕೆ ತರುತ್ತಾರೆ. ಸ್ಥಾಪಕರಲ್ಲೊಬ್ಬರಾದ ಜೊನಾಥನ್ ಕಿಂಗ್ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ಪದಕ ಕೊಡುತ್ತಾರೆ. ನಿಮ್ಮ ಹಾಲಿನ ಸೊಸೈಟಿಯ ಮಾತನ್ನೇ ತೆಗೆದುಕೊಳ್ಳಿ. ಆರಿಸಿ ಬಂದವರು ಯಾವುದಕ್ಕೆ ಗಮನ ಕೊಡುತ್ತಾರೋ ಅದಕ್ಕೇ ದುಡ್ಡು, ಜನ, ಸಮಯ ಹೋಗುತ್ತದೆ ಅಲ್ವಾ? ಸಂಶೋಧನೆಯಲ್ಲೂ ಹಾಗೆಯೇ. ಯಾವ ಪ್ರಶ್ನೆ ಕೇಳಬೇಕು ಅಂತ ಯಾರೋ ತೀರ್ಮಾನಿಸುತ್ತಾರೆ. ಯಾರೂ ಕೇಳದ ಪ್ರಶ್ನೆ ಹಾಗೇ ಉಳಿಯುತ್ತದೆ.

ನಿಮ್ಮ ಮನೆ ಅಂಥದ್ದೊಂದು ಪ್ರಶ್ನೆ.

ಕೇಳಿದವರು ನಮ್ಮಲ್ಲೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಯ ಉಪಯೋಗಕ್ಕೆ ತರಲು ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅದನ್ನು ಕಟ್ಟಿದವರು. ಹಳ್ಳಿಯ ಅಡುಗೆಮನೆಯಲ್ಲಿ ಇಷ್ಟು ಹೊಗೆ ಯಾಕೆ, ಇಷ್ಟು ಸೌದೆ ಯಾಕೆ ಅಂತ ಕೇಳಿದರು. ಅದರಿಂದ ಬಂದದ್ದೇ ಮೂರು ಪಾತ್ರೆ ಕೂರುವ, ಹೊಗೆಕೊಳವೆಯ ಅಸ್ತ್ರ ಒಲೆ. ಹೆಸರು ನಿಮಗೆ ಗೊತ್ತಿದ್ದೇ ಇರುತ್ತದೆ. ಅಲ್ಲಿಯೇ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕೆಲಸ ಮಾಡಿದರು.

ಈಗ ನಿಮ್ಮ ಮನೆಗೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಮಣ್ಣುಗೋಡೆ ತಲೆಮಾರುಗಟ್ಟಲೆ ನಿಂತಿದೆ. ಹೇಗೆ? ಕೆಳಗೆ ಕಲ್ಲಿನ ಎತ್ತರದ ಪಂಚಾಂಗ, ಅಂದರೆ ಗೋಡೆ ಕೂರುವ ಕಟ್ಟೆ. ಮೇಲೆ ಕಡಿದಾದ ಮಾಡು. ಗೋಡೆಯಿಂದ ಎಷ್ಟೋ ಮುಂದಕ್ಕೆ ಚಾಚಿದ ಸೂರು. ಗಾಳಿಮಳೆಯ ದಿಕ್ಕಿಗೆ ಸೋಗೆಯ ತಟ್ಟಿ. ಇದರಲ್ಲಿ ಒಂದನ್ನು ತೆಗೆದರೂ ಗೋಡೆಗೆ ನೀರು ತಾಗುತ್ತದೆ. ಸೂರು ಕತ್ತರಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಆಮೇಲೆ ‘ಮಣ್ಣುಗೋಡೆ ಬಾಳಿಕೆ ಬರಲ್ಲ’ ಅಂತ ಅದರ ಮೇಲೇ ದೂರು. ಕೇಳಿದಾಗ ಸಂಕಟವಾಗುತ್ತದೆ.

ಮಗನ ಮಾತೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅಡಿಕೆ ಒಣಗಿಸಲು ತಾರಸಿ ಅನುಕೂಲ. ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಮರ ದುಬಾರಿ. ಆದರೆ ತೀರ್ಥಹಳ್ಳಿಯಿಂದ ಸಾಗರದವರೆಗೆ ಬಸ್ಸಿನ ಕಿಟಕಿಯಿಂದ ನೋಡಿ. ತಾರಸಿ ಹಾಕಿದವರು ಸೋರಿಕೆ ತಾಳದೆ ಅದರ ಮೇಲೆ ಇಳಿಜಾರಾಗಿ ಶೀಟು ಹೊದಿಸಿದ್ದಾರೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ಮಗನ ಲೆಕ್ಕದಲ್ಲಿ ಆ ಎರಡನೆಯದು ಸೇರಿದೆಯಾ, ಕೇಳಿ.

ಹಾಳಾದಷ್ಟನ್ನೇ ಸರಿಮಾಡಿ, ಅಡಿಕೆಗೆ ಬೇರೆ ಕಡೆ ಸಣ್ಣ ತಾರಸಿ ಹಾಕಬಹುದು ಅಂತ ನನಗನ್ನಿಸುತ್ತದೆ. ನೋಡದೆ ಖಂಡಿತ ಅಂತ ಹೇಳಲಾರೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕಾದರೆ ಪುರಾತತ್ವ ಇಲಾಖೆ ಇದೆ. ನಿಮ್ಮ ತೊಟ್ಟಿಮನೆಗೆ ನೀವೇ. ಹಾಗಾಗಿ ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಿ. ಯಾವ ಗೋಡೆಗೆ ಥಂಡಿ ಏರುತ್ತದೆ, ಎಷ್ಟು ಎತ್ತರಕ್ಕೆ ಅಂತ ವಾರಕ್ಕೊಮ್ಮೆ ಮಸಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಎಷ್ಟು ಅಂಕಣ (ಕಂಬಗಳ ನಡುವಿನ ಜಾಗ), ಯಾವ ಮರ, ಎಲ್ಲಿ ಗೆದ್ದಲು, ಅದನ್ನೂ ಬರೆದಿಡಿ. ಗೆರೆ ಎಳೆಯುವ ಕೆಲಸ ಮಗನಿಗೇ ಕೊಟ್ಟರೆ ಇನ್ನೂ ಒಳ್ಳೆಯದು.

ಅಡಿಕೆ ಸುಗ್ಗಿ ಮುಗಿದ ಮೇಲೆ ಅಳತೆ ಟೇಪು ಹಿಡಿದು ನಾವೂ ಬರುತ್ತೇವೆ. ಅಲ್ಲಿಯವರೆಗೆ ಹೆಂಚು ಇಳಿಸಬೇಡ ಅಂತ ಅವನಿಗೆ ನನ್ನ ಪರವಾಗಿ ಹೇಳಿ.

– ಸಂಪಾದಕ